ಕ್ಯಾಪ್ಟನ್ನರ ಮೊದಲ ಹೊಡೆತ

ಭಾನುವಾರ ಮಧ್ಯಾಹ್ನ ಎರಡಕ್ಕೆ ಕಡಲ ಮಂಜು ಸರಿದಾಗ, ಹಳೇ ಗಾಲ್ಫ್ ಕೋರ್ಸಿನ ಮೊದಲ ಹೊಡೆತದ ಕಟ್ಟೆ ಮೈತುಂಬ ತೂತಾಗಿತ್ತು. ಅದನ್ನು ಮೊದಲು ಕಂಡವನು ನಿವೃತ್ತ ಅಂಚೆಯವ ಲಾಕ್ಲನ್ ಪೀಟ್ರಿ. ಎಣಿಸಿದರೆ ಮೂವತ್ತೊಂದು ತೂತು, ಎಲ್ಲವೂ ಗಾಲ್ಫ್ ಕುಳಿಯಷ್ಟೇ ಅಗಲ, ಅಷ್ಟೇ ದುಂಡಗೆ. ಕಿತ್ತ ಹುಲ್ಲಿನ ಹೆಂಟೆಗಳು ಒತ್ತಟ್ಟಿಗೆ ಬಿದ್ದಿದ್ದವು. ಕುಳಿ ಕೊರೆಯುವ ಉಕ್ಕಿನ ಕೊಳವೆಯೂ ಪಕ್ಕದಲ್ಲೇ ಇತ್ತು. ಅದು ಮೈದಾನದ ಮೇಸ್ತ್ರಿ ಮರ್ಡೋ ಗೆಡ್ಡೀಸನ ಸಲಕರಣೆ ಕೊಟ್ಟಿಗೆಯದು.

ಲಾಕ್ಲನ್ ಓಡಿದ್ದು ಪೊಲೀಸರ ಬಳಿಗಲ್ಲ, ಎಫೀ ಗಿಲ್ಲನ್ ಬಳಿಗೆ. ಎಫೀ ಮೂವತ್ತು ವರ್ಷ ಅದೇ ಕಟ್ಟೆಯ ಪಕ್ಕದ ಗೂಡಿನಲ್ಲಿ ಕೂತು ಆಟಗಾರರನ್ನು ಹೆಸರು ಕೂಗಿ ಆಟಕ್ಕೆ ಬಿಟ್ಟವಳು. ಇನ್ವರ್‌ಕ್ರೇ ಊರಿನಲ್ಲಿ ಯಾರು ಎಷ್ಟು ಹೊಡೆತಕ್ಕೆ ಎಷ್ಟು ಸುಳ್ಳು ಹೇಳುತ್ತಾರೆಂಬುದು ಅವಳಿಗೆ ಬಾಯಿಪಾಠ. ಊರಿಗೆ ಸೇರಿದ ಆ ಕಡಲಂಚಿನ ಹುಲ್ಲಿನಲ್ಲಿ ಮೂರು ಕೋರ್ಸುಗಳಿದ್ದವು. ಪಳಗಿದವರಿಗೆ ಹಳೇದು, ಮಧ್ಯಮರಿಗೆ ನಡುವಿನದು, ಅಆಇಈ ಕಲಿಯುವವರಿಗೆ ಒಂಬತ್ತು ಕುಳಿಯ ಚಿಕ್ಕದು. ಎಪ್ಪತ್ತು ದಾಟಿದ ಎಫೀ, ಲಾಕ್ಲನ್ ಇಬ್ಬರೂ ದಿನಾ ಚಿಕ್ಕದರಲ್ಲೇ ಆಡುತ್ತಿದ್ದರು, ನಾಚಿಕೆ ಅವರ ಹತ್ತಿರ ಸುಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕ್ಲಬ್ಬಿನ ಹೊಸ ಕ್ಯಾಪ್ಟನ್ ರ‍್ಯಾನಲ್ಫ್ ರಿಂಟೂಲ್ ಪಟ್ಟಕ್ಕೇರಲು ಇಡೀ ಊರಿನೆದುರು ಅದೇ ಕಟ್ಟೆಯಿಂದ ಒಂದೇ ಒಂದು ಹೊಡೆತ ಹೊಡೆಯಬೇಕಿತ್ತು. ಆ ಚೆಂಡನ್ನು ಹಿಡಿದು ತರಲು, ಆಟಗಾರರ ಚೀಲ ಹೊರುವ ಕ್ಯಾಡಿಗಳು ಮುಂಚೆಯೇ ಹೋಗಿ ಹುಲ್ಲಿನಲ್ಲಿ ನಿಲ್ಲುವುದು ಪದ್ಧತಿ. ಬಲ್ಲ ಆಟಗಾರನಾದರೆ ಇನ್ನೂರು ಹೆಜ್ಜೆ ಆಚೆ ನಿಲ್ಲುತ್ತಾರೆ, ನಂಬಿಕೆಯಿಲ್ಲದಿದ್ದರೆ ಮೂಗಿನ ತುದಿಗೇ ಬಂದು ನಿಲ್ಲುತ್ತಾರೆ. ಒಮ್ಮೆ ಕಡಲು ಉಕ್ಕಿ ಕಟ್ಟೆ ಮುಳುಗಿದ ವರ್ಷ ಮಾತ್ರ ಹೊಡೆತವಿಲ್ಲದೆಯೇ ಕ್ಯಾಪ್ಟನ್ ಪಟ್ಟ ಆಗಿಹೋಗಿತ್ತು. ಬೇರೆ ಕಟ್ಟೆಯಿಂದ ಹೊಡೆಸುವ ಮಾತೇ ಇರಲಿಲ್ಲ.

ಎಫೀ ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಕಾರ್ಯದರ್ಶಿ ವಿಲ್ಹೆಲ್ಮಿನಾ ಆರ್, ಸಂಜೆ ಆರು ಗಂಟೆಗೆ ಸಮಿತಿ ಸೇರಿ ಮರ್ಡೋನನ್ನು ತೆಗೆದುಹಾಕುತ್ತದೆ ಎಂದಳು. ಹೋದ ವಾರವಷ್ಟೇ ಅವನು ಸಮಿತಿಯ ಮುಂದೆ, ಇಷ್ಟು ಜನ ತುಳಿಯುವುದಕ್ಕಿಂತ ಆ ಕಟ್ಟೆಯನ್ನು ನಾನೇ ಅಗೆದುಹಾಕುವುದು ವಾಸಿ ಎಂದು ಕಿರುಚಿದ್ದ. ಕೆಲಸ ಹೋದರೆ ಕೆಲಸದ ಜೊತೆ ಬಂದ ಮನೆಯೂ ಹೋಗುತ್ತದೆ. ಇಪ್ಪತ್ತಾರು ವರ್ಷ ಅಲ್ಲಿ ಬಾಳಿದವನು ಕೊಟ್ಟಿಗೆಯ ಗೋಡೆಗೊರಗಿ ನಿಂತಿದ್ದ. ಅವನ ಮುಖ ನೋಡಿ ಲಾಕ್ಲನ್‌ಗೆ ಸಂಕಟವಾಯಿತು.

"ನಾನಲ್ಲ ಎಫೀ," ಅಂದ ಮರ್ಡೋ. "ಬಾಯಲ್ಲಿ ಏನೇನೋ ಅಂದೆ, ನಿಜ. ಆದ್ರೆ ಆ ಹುಲ್ಲು ನಾನು ಸಾಕಿದ್ದು ಕಣೆ."

ಎಫೀ ಕೇಳಿದ್ದು ಒಂದೇ ಪ್ರಶ್ನೆ, ಕೊಟ್ಟಿಗೆಯ ಬೀಗದ ಕೈ ಯಾರ ಹತ್ತಿರವಿದೆ ಎಂದು. ಮೂವರ ಹತ್ತಿರ: ಮರ್ಡೋ, ಕಾರ್ಯದರ್ಶಿ, ಮತ್ತು ಶುಕ್ರವಾರವಷ್ಟೇ ಗೊಂಚಲು ಪಡೆದ ಹೊಸ ಕ್ಯಾಪ್ಟನ್. ಹನ್ನೊಂದರಿಂದ ಎರಡರವರೆಗೆ ಮಂಜು ಎಷ್ಟು ದಟ್ಟವಿತ್ತೆಂದರೆ ಯಾರು ಎಲ್ಲಿದ್ದರೆಂದು ಯಾರೂ ಸಾಕ್ಷಿ ಹೇಳುವಂತಿರಲಿಲ್ಲ. ಲಾಕ್ಲನ್ ಗುಟ್ಟಾಗಿ ಕಾರ್ಯದರ್ಶಿಯ ಮೇಲೆ ಕಣ್ಣಿಟ್ಟ. ಮರ್ಡೋನ ಕೆಲಸವನ್ನು ಹೊರಗಿನ ಗುತ್ತಿಗೆಗೆ ಕೊಡಬೇಕೆಂದು ಅವಳು ವರ್ಷದಿಂದ ಹಟ ಹಿಡಿದಿದ್ದಳು.

ರಿಂಟೂಲ್ ಗಂಭೀರವಾಗಿ ನಿಟ್ಟುಸಿರಿಟ್ಟ. ಐದು ವರ್ಷದ ಹಿಂದೆ ಮಲಯ ದೇಶದಿಂದ ಬಂದು ನೆಲೆಸಿದವನು, ಒಳ್ಳೆಯ ಭಾಷಣಕಾರ. ಅಲ್ಲಿ ಮೂವತ್ತು ವರ್ಷ ಗಾಲ್ಫ್ ಆಡಿದ ಕತೆಗಳನ್ನು ರಸವತ್ತಾಗಿ ಹೇಳುತ್ತಿದ್ದ. ಇಲ್ಲಿ ಮಾತ್ರ ಬೆನ್ನುನೋವು ಅವನನ್ನು ಆಡಗೊಟ್ಟಿರಲಿಲ್ಲ. ನಾಳೆಯ ಒಂದು ಹೊಡೆತಕ್ಕಾಗಿ ಎಷ್ಟು ಆಸೆಪಟ್ಟಿದ್ದೆ, ಆದರೂ ಮೇಸ್ತ್ರಿಯ ಮೇಲೆ ತನಗೆ ಸಿಟ್ಟಿಲ್ಲ ಎಂದ.

ಎಫೀ ತೂತುಗಳನ್ನು ಬಗ್ಗಿಯೂ ನೋಡಲಿಲ್ಲ. ಕಟ್ಟೆಯ ಹಿಂದಿನ ಮರಳುಗುಂಡಿಗಳ ಅಂಚಿನಲ್ಲಿ ನಡೆದಳು. ಭಾನುವಾರ ಹಳೇ ಕೋರ್ಸಿನಲ್ಲಿ ಆಟವಿಲ್ಲ. ಅಂದು ಅದು ಊರವರ ಉದ್ಯಾನ, ಮಕ್ಕಳು ಮರಳಿನಲ್ಲಿ ಕೋಟೆ ಕಟ್ಟುತ್ತವೆ, ನಾಯಿಗಳು ಕೆದರುತ್ತವೆ. ಮರಳನ್ನು ಸಮ ಮಾಡುವ ಕುಂಟೆಗಳನ್ನು ಶನಿವಾರ ಸಂಜೆಯೇ ಒಳಗಿಟ್ಟಿರುತ್ತಾರೆ. ನಾಲ್ಕು ಗುಂಡಿಗಳಲ್ಲಿ ಮೂರು ಸಂತೆ ಮುಗಿದ ಬಯಲಿನಂತಿದ್ದವು. ಕೊಟ್ಟಿಗೆಗೂ ಕಟ್ಟೆಗೂ ನಡುವಿನ ನಾಲ್ಕನೆಯದರಲ್ಲಿ ಮಾತ್ರ, ಆಚೆ ಅಂಚಿನಿಂದ ಈಚೆ ಅಂಚಿಗೆ ಮೊಳದಗಲದ ಒಂದು ಪಟ್ಟಿ ನಯವಾಗಿ ಸವರಿದಂತಿತ್ತು.

"ಹೆಜ್ಜೆ ಗುರುತು ಅಳಿಸಿದಾನೆ ಕಳ್ಳ," ಅಂದ ಲಾಕ್ಲನ್.

"ನೂರು ಹೆಜ್ಜೆ ಮಧ್ಯೆ ಇನ್ನೊಂದು ಹೆಜ್ಜೆನ ಯಾರಪ್ಪ ಗುರುತು ಹಿಡೀತಾರೆ? ಸವರಿದ್ರಿಂದ ತಾನೆ ಕಣ್ಣಿಗೆ ಬಿದ್ದಿದ್ದು. ಐದಕ್ಕೆ ಎಲ್ಲರನ್ನೂ ಇಲ್ಲಿಗೆ ಕರ್ಕೊಂಡು ಬಾ. ಕರೆದಿದ್ದು ನಾನು ಅಂತ ಹೇಳು, ಬೈಕೊಂಡಾದ್ರೂ ಬರ್ತಾರೆ."

ಬೈದುಕೊಂಡೇ ಬಂದರು. ಎಫೀ ಅವರನ್ನು ಕೊಟ್ಟಿಗೆಯ ಬಳಿ ನಿಲ್ಲಿಸಿ, ತಾನು ಮರಳುಗುಂಡಿಗಳ ಆಚೆ ಕಟ್ಟೆಯ ಮೇಲೆ ನಿಂತು, ಕತ್ತಲಾಗುವ ಮುಂಚೆ ಒಂದು ಗುರುತು ತೋರಿಸಬೇಕು, ಸುತ್ತಿ ಬರಬೇಡಿ, ಮರಳು ದಾಟಿಯೇ ಬನ್ನಿ ಎಂದು ಕೂಗಿದಳು. ವಿಲ್ಹೆಲ್ಮಿನಾ ಲಂಗ ಎತ್ತಿ ದಡದಡನೆ ದಾಟಿ ಬಂದಳು. ಸಮಿತಿಯ ಇಬ್ಬರು ಹಿರಿಯರು ಕೋಟೆಗಳನ್ನು ತುಳಿದುಕೊಂಡು ಬಂದರು. ಮರ್ಡೋ ತಲೆ ತಗ್ಗಿಸಿ ಬಂದ. ಕೊನೆಯವನಾಗಿ ರಿಂಟೂಲ್ ದಾಟಿ ಅಂಚು ಹತ್ತಿದ. ಹತ್ತಿದವನು ತಿರುಗಿದ. ಬಗ್ಗಿ, ಕೈಲಿದ್ದ ಛತ್ರಿಯನ್ನು ಅಡ್ಡ ಹಿಡಿದು ತನ್ನ ಹೆಜ್ಜೆಗಳನ್ನು ಒಂದೊಂದಾಗಿ ಸವರತೊಡಗಿದ. ಮಾತು ನಿಂತದ್ದನ್ನು ಗಮನಿಸಿ ತಲೆ ಎತ್ತಿದ.

"ನಿಮ್ಮ ಬೆನ್ನು ಪರವಾಗಿಲ್ವಲ್ಲ, ರಿಂಟೂಲ್ ಅವರೇ," ಅಂದಳು ಎಫೀ.

ಆಮೇಲೆ ಅವಳು ಎಲ್ಲವನ್ನೂ ಬಿಡಿಸಿಟ್ಟಳು. ತೂತು ಕೊರೆಯಲು ಮರ್ಡೋನ ಕೊಳವೆ ಸಾಕು, ಮರ್ಡೋನೇ ಬೇಕಿಲ್ಲ. ಕೊರೆದವನು ಕೊಳವೆ ಬಿಟ್ಟು ಮಂಜಿನಲ್ಲಿ ಈ ಗುಂಡಿಯನ್ನು ದಾಟಿದ, ದಾಟಿ ಮರಳು ಸವರಿದ. ಅದು ಗುರುತು ಅಳಿಸಲು ಅಲ್ಲ, ಮರಳಿಗಿಳಿದ ಆಟಗಾರ ತನ್ನ ಹೆಜ್ಜೆಯನ್ನು ತಾನೇ ಸವರಬೇಕೆಂಬ ನೇಮದ ಅಭ್ಯಾಸದಿಂದ. ಆದರೆ ಈ ಊರಲ್ಲಿ ಹುಟ್ಟಿದವರಿಗೆ ಆ ಅಭ್ಯಾಸಕ್ಕೂ ಭಾನುವಾರ ರಜೆ. ಮರ್ಡೋ ಸವರುವುದಿಲ್ಲ, ಸೋಮವಾರ ನಸುಕಿಗೆ ಹೇಗೂ ಅವನೇ ಎಲ್ಲವನ್ನೂ ಹಸನು ಮಾಡಬೇಕು. ಐದನೇ ವಯಸ್ಸಿಂದ ಇಲ್ಲಿ ಆಡಿದ ವಿಲ್ಹೆಲ್ಮಿನಾ ಸವರುವುದಿಲ್ಲ, ಈಗಷ್ಟೇ ಎಲ್ಲರೂ ನೋಡಿದ್ದಾರೆ.

"ಹಾಗಾದ್ರೆ ಭಾನುವಾರನೂ, ಕುಂಟೆ ಇಲ್ದಿದ್ರೂ, ಮರಳು ಕಂಡ ತಕ್ಷಣ ಬಗ್ಗೋರು ಯಾರು? ಹೋದ ತಿಂಗಳು ಪಾಠಕ್ಕೆ ಸೇರಿದೋರು. ಚಿಕ್ಕ ಕೋರ್ಸಲ್ಲಿ ದಿನಾ ನೋಡ್ತೀನಿ ಇಂಥವರನ್ನ. ಮೇಷ್ಟ್ರು ಮೊದಲನೇ ದಿನ ಹೇಳೋದೇ ಅದು, ಕುಂಟೆ ಇಲ್ಲಾಂದ್ರೆ ಕೈಲಿರೋದ್ರಲ್ಲೇ ಸವರು ಅಂತ. ಮೂವತ್ತು ವರ್ಷ ಆಡಿದವರಿಗೆ ಅಷ್ಟು ಹೊಸ ಭಯ ಇರಲ್ಲ. ಎಲ್ಲಿ ಕಲಿತಿದೀರಿ?"

ರಿಂಟೂಲ್ ಛತ್ರಿಯ ಮರಳು ಕೊಡವಿದ. ನೆರೆಯ ಊರಿನಲ್ಲಿ, ಆರು ವಾರದಿಂದ, ಎಂದ. ಮಲಯದಲ್ಲಿ ತಾನು ಒಮ್ಮೆಯೂ ಆಡಿರಲಿಲ್ಲ, ಬರೀ ಲೆಕ್ಕ ಬರೆಯುತ್ತಿದ್ದೆ. ಇನ್ನೂ ಹತ್ತರಲ್ಲಿ ಏಳು ಚೆಂಡು ಕಾಲಬುಡದಲ್ಲೇ ಉಳಿಯುತ್ತದೆ. ಕ್ಯಾಡಿಗಳು ತನ್ನ ಮೂಗಿನ ಮುಂದೆ ಬಂದು ನಿಲ್ಲುವ ಕನಸು ದಿನಾ ಬೀಳುತ್ತಿತ್ತು, ಕಟ್ಟೆಯೇ ಹಾಳಾದರೆ ಹೊಡೆಯುವುದು ತಪ್ಪುತ್ತದೆ ಅಂದುಕೊಂಡೆ ಎಂದ.

"ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ," ಅಂದಳು ಎಫೀ. "ನೀವು ನೆಲಾನೇ ಡೊಂಕು ಮಾಡಿದ್ರಿ. ಅದನ್ನ ಇನ್ನೊಬ್ಬನ ತಲೆಗೆ ಕಟ್ಟಿದ್ರಿ."

ಲಾಕ್ಲನ್‌ಗೆ ಮೈ ಉರಿಯುತ್ತಿತ್ತು. ವಿಲ್ಹೆಲ್ಮಿನಾ ಮಾತ್ರ ಬೇಗ ಚೇತರಿಸಿಕೊಂಡು, ವಿಷಯ ಇಲ್ಲೇ ಇರಲಿ, ಬೆನ್ನುನೋವೆಂದು ರಿಂಟೂಲ್ ರಾಜೀನಾಮೆ ಕೊಡಲಿ, ಮರ್ಡೋನ ಕೆಲಸ ಮನೆ ಎರಡೂ ಉಳಿಯುತ್ತವೆ, ಕ್ಲಬ್ಬಿನ ಮಾನವೂ ಉಳಿಯುತ್ತದೆ ಎಂದಳು. ಹಿರಿಯರು ತಲೆಯಾಡಿಸಿದರು.

ಆಗ ಮರ್ಡೋ ಆ ದಿನ ಮೊದಲ ಬಾರಿಗೆ ತಲೆ ಎತ್ತಿದ. "ಮಧ್ಯಾಹ್ನದಿಂದ ಊರಿಗೆ ಊರೇ ನನ್ನ ಹೆಸರು ಹೇಳ್ತಿದೆ. ಅಂಗಡಿಯವನು ನನ್ನ ಹೆಂಡ್ತಿ ಕಡೆ ತಿರುಗಿ ನೋಡಿಲ್ಲ. ಇಲ್ಲೇ ಮುಚ್ಚಿಬಿಟ್ರೆ ನಾನು ಸಾಯೋವರೆಗೂ ಕಳ್ಳನೇ. ನಾಳೆ ಎಂಟಕ್ಕೆ ಎಲ್ಲರೂ ಬರ್ತಾರಲ್ಲ, ಅವರೆದುರಿಗೆ ಇವರೇ ಹೇಳ್ಲಿ. ಇಲ್ದಿದ್ರೆ ನನಗೆ ಈ ಕೆಲಸವೂ ಬೇಡ, ಮನೆಯೂ ಬೇಡ."

ಬೆಳಿಗ್ಗೆ ಎಂಟಕ್ಕೆ ಊರೆಲ್ಲ ಸೇರಿತ್ತು. ಹೊಡೆತವಿಲ್ಲದಿದ್ದರೂ ಕ್ಯಾಡಿಗಳು ಪದ್ಧತಿಯಂತೆ ಹುಲ್ಲಿಗೆ ಹೋಗಿ ನಿಂತರು, ಬಹಳ ದೂರವೇನೂ ಅಲ್ಲ. ರಿಂಟೂಲ್ ಬರಿಗೈಯಲ್ಲಿ ಕಟ್ಟೆ ಹತ್ತಿದ. ಇದನ್ನು ಮಾಡಿದವನು ನಾನು, ಮರ್ಡೋ ಗೆಡ್ಡೀಸ್ ಅಲ್ಲ, ನನಗೆ ಆಡಲು ಬರುವುದಿಲ್ಲ ಎಂದ. ಯಾರೂ ನಗಲಿಲ್ಲ. ಹುಲ್ಲಿನಲ್ಲಿದ್ದ ಕ್ಯಾಡಿಗಳಿಗೆ ಸರಿಯಾಗಿ ಕೇಳಿಸಿರಲಿಲ್ಲ, ಏನಂದರು ಎಂದು ಒಬ್ಬ ಕೂಗಿದ. ರಿಂಟೂಲ್ ದನಿ ಎತ್ತಿ ಎಲ್ಲವನ್ನೂ ಮತ್ತೊಮ್ಮೆ ಹೇಳಿದ.

ಆಮೇಲೆ ಕೈ ಚಾಚಿಕೊಂಡು ಮರ್ಡೋನತ್ತ ಬಂದ. ಮರ್ಡೋ ಆ ಕೈಯನ್ನು ಹಿಡಿಯಲಿಲ್ಲ. ರಾತ್ರಿಯೆಲ್ಲ ಒದ್ದೆ ಗೋಣಿಯಡಿ ಕಾಪಾಡಿದ್ದ ಒಂದು ಹುಲ್ಲಿನ ಹೆಂಟೆಯನ್ನು ಅದರ ಮೇಲಿಟ್ಟ.

"ಬೇರು ಒಣಗೋ ಮುಂಚೆ ಕೂರಿಸ್ಬೇಕು," ಅಂದ. "ಮಂಡಿ ಊರಿ. ನಾನು ತೋರಿಸ್ತೀನಿ."