ನಲವತ್ತು ಪೌಂಡಿನ ಟೈರು

"ಗಾಡಿ ನಿಲ್ಸಲೇ... ಟೈರು ಸಿಡಿತೈತಿ!"

ಕಿರುಚಿದವನು ಗಾದಿಲಿಂಗಪ್ಪ, ಬಸ್ಸಿನ ಮಾಲೀಕ. ಸ್ಟೇರಿಂಗ್ ನನ್ನ ಕೈಯಲ್ಲಿತ್ತು.

ನಾನು ಆಕ್ಸಿಲರೇಟರ್ ಒತ್ತಿದೆ.

ಕುರುಗೋಡು ದಾಟಿ ನಾಲ್ಕು ಮೈಲಿ. ಏಪ್ರಿಲ್ ಬಿಸಿಲು. ಬಸ್ಸಿನಲ್ಲಿ ಮೂವರೇ. ಮೂರನೆಯವನು ಅಂಜಿನಪ್ಪ, ಕುರುಗೋಡು ಸ್ಟ್ಯಾಂಡಿನ ಮೆಕ್ಯಾನಿಕ್.

ನನಗೇಕೆ ಸಿಟ್ಟು ಅಂತೀರಾ? ಕೇಳಿ.

ಕಳೆದ ತಿಂಗಳು ಇದೇ ರಸ್ತೆಯಲ್ಲಿ ಈ ಗಾದಿಲಿಂಗಪ್ಪನ ಇನ್ನೊಂದು ಬಸ್ಸಿನ ಟೈರು ಸಿಡಿಯಿತು. ಇಬ್ಬರು ಸತ್ತರು. ಡ್ರೈವರ್ ಕಾಡಸಿದ್ದಪ್ಪ ಕುಡಿದಿದ್ದ ಎಂದು ಇವನು ಪೊಲೀಸರಿಗೆ ಬರೆದುಕೊಟ್ಟ. ಕಾಡಸಿದ್ದಪ್ಪ ಜೈಲು ಸೇರಿದ. ಇವತ್ತು ಮೂರು ಗಂಟೆಗೆ ಸಿರುಗುಪ್ಪ ಕೋರ್ಟಿನಲ್ಲಿ ಅವನ ಕೇಸಿನ ವಿಚಾರಣೆ.

ಅವನ ಹೆಂಡತಿ ವಿರೂಪಮ್ಮ ಬಳ್ಳಾರಿಯ ಕೌಲ್ ಬಜಾರಿಗೆ ನನ್ನನ್ನು ಹುಡುಕಿಕೊಂಡು ಬಂದಳು.

"ಯಣ್ಣಾ, ನನ್ನ ಗಂಡ ಹೆಂಡ ಮುಟ್ಟಿದೋನಲ್ಲ."

ನನಗೆ ಅಷ್ಟು ಸಾಕಿತ್ತು.

ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿದವನು ನಾನು. ಗಾಳಿ ಅಳೆಯುವ ಗೇಜು ಜೇಬಿನಲ್ಲೇ ಇರುತ್ತದೆ. ಮೂರು ದಿನ ಇವನ ಬಸ್ಸುಗಳ ಟೈರು ಅಳೆದೆ. ಬೆಳಿಗ್ಗೆ ಬಳ್ಳಾರಿಯಲ್ಲಿ ಅರವತ್ತು ಪೌಂಡು. ಮಧ್ಯಾಹ್ನ ಕುರುಗೋಡಿಗೆ ಬಂದಾಗ ಎಪ್ಪತ್ತು. ಅಲ್ಲಿಂದ ಹೊರಡುವಾಗ... ನಲವತ್ತು!

ಅಂಜಿನಪ್ಪ ಟೈರನ್ನು ಕೋಲಿನಿಂದ ಬಡಿದು, ಸದ್ದು ಕೇಳಿ, ಗಾಳಿ ಬಿಡುತ್ತಿದ್ದ.

"ಕಾದ ಟೈರು ಉಬ್ಬಿ ಸಿಡಿತೈತ್ರಿ. ಬಿಡಂತ ಧಣೇರ ಆರ್ಡರ್," ಎಂದ.

ತಲೆಕೆಟ್ಟ ಆರ್ಡರ್. ಕಾದಾಗ ಒತ್ತಡ ಏರುವುದು ಸಹಜ. ಆಗ ಗಾಳಿ ತೆಗೆದರೆ ಟೈರು ಮೆತ್ತಗಾಗಿ, ಮಡಚಿ ಮಡಚಿ ಇನ್ನೂ ಕಾಯುತ್ತದೆ. ಸಿಡಿಯುವುದು ಆವಾಗಲೇ.

ಇದು ಮಾಲೀಕನಿಗೆ ಗೊತ್ತಿತ್ತೇ? ತಿಳಿಯಲು ದಾರಿ ಒಂದೇ. ಕೋರ್ಟಿಗೆ ಹೊರಟಿದ್ದವನನ್ನು ಅವನದೇ ಖಾಲಿ ಬಸ್ಸಿಗೆ ತಳ್ಳಿದೆ. ಜೊತೆಗೆ ಹತ್ತಿಸಿಕೊಂಡ ಅಂಜಿನಪ್ಪ ಈ ಬಸ್ಸಿನ ಗಾಳಿಯನ್ನೂ ನಲವತ್ತಕ್ಕೆ ಇಳಿಸಿದ್ದಾನೆಂದು ಈಗಷ್ಟೇ ಹೇಳಿದೆ.

"ನಿಲ್ಸಪ್ಪಾ..."

"ಯಾಕ್ರಿ ಧಣಿ? ನಿಮ್ಮ ಆರ್ಡರ್‌ನಂಗ ಬಿಟ್ಟೇವಲ್ಲ. ಇನ್ನ ಸಿಡಿಯಾಂಗಿಲ್ಲ."

"ಸಿಡಿತೈತಿ... ಟೈರ್ ಕಂಪನಿಯೋರು ಕಾಗದ ಬರದಿದ್ರು. ಕಾದಾಗ ಗಾಳಿ ಬಿಡಬ್ಯಾಡ್ರಿ ಅಂತ."

"ಯಾವಾಗ?"

ಅವನು ಬಾಗಿಲ ಕಡೆ ಸರಿದ. ಸುಟ್ಟ ರಬ್ಬರಿನ ವಾಸನೆ ಒಳಗೆ ಬಂತು. ಬಸ್ಸು ಎಡಕ್ಕೆ ಎಳೆಯಿತು. ನಾನು ಇನ್ನಷ್ಟು ಒತ್ತಿದೆ.

"ಸಂಕ್ರಾಂತಿಗೆ ಬಂದಿತ್ತೋ! ನಮ್ಮ ಬಳ್ಳಾರಿ ಬಿಸಿಲು ಅವ್ರಿಗೇನ್ ಗೊತ್ತಂತ ಮೂಲಿಗೆ ಒಗದೆ. ಗಾಡಿ ಬಿದ್ದ ಮ್ಯಾಲ ಕಾಗದ ಸುಟ್ಟೆ."

ಅಂಜಿನಪ್ಪ ಎದ್ದು ನಿಂತ.

"ಎಲ್ಡು ಜೀವ ನನ್ನ ಕೈಲೆ ತೆಗಿಸಿದಿ ಏನಲೇ?" ಹದಿನೈದು ವರ್ಷ ಧಣೇರ ಎಂದ ಬಾಯಿ ಅದು. "ನಡೀರಿ ಕೋರ್ಟಿಗೆ. ನಾನ ಹೇಳ್ತೀನಿ."

ಬ್ರೇಕ್ ಹಾಕಿದೆ. ಮಾಲೀಕ ಜಿಗಿದು ಓಡಿದ. ಐವತ್ತು ಗಜಕ್ಕೆ ಉಸಿರು ಕಟ್ಟಿತು. ಕೊರಳಪಟ್ಟಿ ಹಿಡಿದು ಎಳೆದುತಂದೆ. ಕೈಗೆ ಪಂಪು ಕೊಟ್ಟೆ.

ಅವನು ಗಾಳಿ ಹೊಡೆದ. ರೇಷ್ಮೆ ಅಂಗಿ ಬೆನ್ನಿಗೆ ಅಂಟಿತು. ನಾನು ಬೇವಿನ ನೆರಳಲ್ಲಿ ಬೀಡಿ ಹಚ್ಚಿದೆ.

"ಸಾಕೇನೋ?" ಎಂದು ಅವನು ಕೇಳಿದ.

ಗೇಜು ಒತ್ತಿ ನೋಡಿದೆ. ಐವತ್ತೆರಡು.

"ಎಪ್ಪತ್ತಕ್ಕ ಇನ್ನ ಹದಿನೆಂಟು ಐತ್ರಿ, ಧಣಿ. ಬೇಗ ಹೊಡೀರಿ... ಜೈಲಿನ್ಯಾಗ ಕಾಡಸಿದ್ದಪ್ಪನ ಜಾಗ ಖಾಲಿ ಆಗ್ತೈತಿ."