ಬಳೆಯ ಬಣ್ಣ ಇಳಿದಾಗ

ಹುಲಿಗೆಮ್ಮ ಅಂಗೈಯನ್ನು ಫ್ರಿಜ್ಜಿನ ಬಾಗಿಲ ಮೇಲಿಟ್ಟಳು. ಮಣಿಕಟ್ಟಿನ ಬಳೆ ತುಸು ಬೆಚ್ಚಗಾಗಿ ಬಾಳೆಯ ಸುಳಿಯೆಲೆಯ ಬಣ್ಣಕ್ಕೆ ತಿರುಗಿತು. ಫ್ರಿಜ್ಜಿನೊಳಗೆ ದೀಪ ಹೊತ್ತಿತು. "ಆತು ನೋಡಕ್ಕ, ಇನ್ನ ಇದು ನಿಮ್ದು," ಎಂದಳು ಅಂಗಡಿಯ ಹುಡುಗಿ. ಸಹಿ ಇಲ್ಲ, ಜಾಮೀನಿಲ್ಲ, ನೀವು ಯಾವ ಪೈಕಿ ಎಂಬ ಓರೆನೋಟವೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಗಂಡ ಹೊನ್ನೂರ ಫ್ರಿಜ್ಜನ್ನು ಬಿಟ್ಟು ಬಳೆಯನ್ನೇ ನೋಡುತ್ತಿದ್ದ.

ಆ ಬಳೆಯ ಹೆಸರು ಬಾಳ್ಮಾಪಕ. ಅದರ ಒಳಮೈಯಿಂದ ಹೊರಡುವ ಸೂಕ್ಷ್ಮ ಬೆಳಕು ಚರ್ಮವನ್ನು ದಾಟಿ ರಕ್ತವನ್ನು ಓದುತ್ತದೆ. ನಾಡಿಯ ಓಟ, ನಿದ್ದೆಯ ಆಳ, ನಡಿಗೆಯ ಬಿಗುವು, ರಕ್ತದಲ್ಲಿ ತೇಲುವ ರಾಸಾಯನಿಕ ಸುಳಿವುಗಳು ಎಲ್ಲವನ್ನೂ ಕೂಡಿಸಿ ಈ ದೇಹ ಇನ್ನೆಷ್ಟು ಕಾಲ ದುಡಿಯಬಲ್ಲದು ಎಂದು ಲೆಕ್ಕ ಹಾಕುತ್ತದೆ. ಇದಕ್ಕೆ ಸಾಲ ಕೊಡುವ ಕಂಪನಿ ಇಟ್ಟ ಹೆಸರು ದುಡಿಮೆಯಾಯುಷ್ಯ. ದುಡಿಮೆಯಾಯುಷ್ಯ ಹೆಚ್ಚಿದ್ದರೆ ಬಳೆ ದಟ್ಟ ಹಸಿರು, ಬೇಕಾದ್ದು ಕೊಳ್ಳಬಹುದು. ಕಡಿಮೆಯಾದಂತೆ ಹಸಿರು ತಿಳಿಯಾಗುತ್ತದೆ, ಹಳದಿಗೆ ಇಳಿಯುತ್ತದೆ, ಕೊನೆಗೆ ಬರಿಯ ಗಾಜಾಗುತ್ತದೆ. ಮನೆಯಲ್ಲಿ ಒಂದು ಬಳೆ ಗಾಜಾದರೂ ಸಾಕು, ಆ ಗಳಿಗೆಯಲ್ಲೇ ಸಾಲದ ಮೇಲೆ ತಂದ ವಸ್ತುಗಳೆಲ್ಲ ತಮ್ಮಷ್ಟಕ್ಕೆ ತಾವೇ ಬೀಗ ಹಾಕಿಕೊಳ್ಳುತ್ತವೆ.

ಬಳ್ಳಾರಿಯ ಕೋಟೆಗುಡ್ಡದ ಬೆನ್ನಿಗಿದ್ದ ಅವರ ಓಣಿಗೆ ಈ ಬಳೆಯನ್ನು ತಂದವರು ಡಾ. ಚಾರುಮತಿ. ಬಾಳ್ಮಾಪಕವನ್ನು ಕಂಡುಹಿಡಿದ ವಿಜ್ಞಾನಿ ಅವರೇ. ಸಮುದಾಯ ಭವನದ ಕಟ್ಟೆಯ ಮೇಲೆ ಕೂತು, ಜೀನ್ಸ್ ಹೊಲಿಯುವ ಹೆಂಗಸರ ನಡುವೆ, ಅವರು ತಾಳ್ಮೆಯಿಂದ ವಿವರಿಸಿದ್ದರು: ಬ್ಯಾಂಕು ಇಷ್ಟು ದಿನ ನಿಮ್ಮ ಆಸ್ತಿ ಕೇಳುತ್ತಿತ್ತು, ನಿಮಗೆ ಆಸ್ತಿ ಇರಲಿಲ್ಲ, ಈ ಯಂತ್ರ ನಿಮ್ಮ ಬೆವರನ್ನೇ ಆಸ್ತಿ ಎಂದು ಒಪ್ಪುತ್ತದೆ. ಹೆಂಗಸರು ತಲೆದೂಗಿದರು. ಹಿಂದೆ ಗೋಡೆಗೊರಗಿ ಕೂತಿದ್ದ ಮುದುಕಿ ಸಣ್ಣದುರುಗಮ್ಮ ಮಾತ್ರ ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು.

"ನಮ್ಮಪ್ಪನ್ನ ಜೀತಕ್ಕಿಟ್ಕೊಂಡ ಗೌಡನೂ ಹಿಂಗ ರಟ್ಟಿ ಮುಟ್ಟಿ ನೋಡ್ತಿದ್ದನವ್ವ. ಅದಕ್ಕೂ ಇದಕ್ಕೂ ಏನ್ ಫರಕ್ಕು?"

"ಗೌಡ ಮೋಸ ಮಾಡುತ್ತಿದ್ದ, ಅಜ್ಜಿ. ಯಂತ್ರ ಮೋಸ ಮಾಡುವುದಿಲ್ಲ," ಎಂದರು ಚಾರುಮತಿ. ಅವರು ಅದನ್ನು ಮನಸಾರೆ ನಂಬಿದ್ದರು.

ಸಣ್ಣದುರುಗಮ್ಮ ಬಳೆ ತೊಡಲಿಲ್ಲ. ಹುಲಿಗೆಮ್ಮ, ಹೊನ್ನೂರ ಇಬ್ಬರೂ ತೊಟ್ಟರು. ಅವಳು ಕಾರ್ಖಾನೆಯಲ್ಲಿ ಪ್ಯಾಂಟುಗಳಿಗೆ ಗುಂಡಿ ಬಡಿಯುವವಳು, ಅವನು ಬಟ್ಟೆಗೆ ಬಣ್ಣ ಹಾಕಿ ತೊಳೆಯುವವನು. ಇಬ್ಬರದೂ ಎಳೆಯ ಮೈ, ಬಳೆಗಳು ಕಡುಹಸಿರಾದವು. ಮನೆಗೆ ಮಂಚ ಬಂತು, ಹಾಸಿಗೆ ಬಂತು, ಒಗೆಯುವ ಯಂತ್ರ ಬಂತು, ಗೋಡೆಯಗಲದ ಟೀವಿ ಬಂತು. ಸೋಫಾ ಬಂದ ದಿನ ಕಾಲಿಡಲು ಜಾಗವಿಲ್ಲದೆ ಒಲೆಯನ್ನು ಬಾಗಿಲ ಹೊರಗಿಟ್ಟರು. ಓಣಿಯವರು ನಕ್ಕರು: ಸೋಫಾ ಒಳಗ, ಹೊನ್ನೂರ ಹೊರಗ.

ನಗುವವರಿಗೆ ಗೊತ್ತಿರದ ಸಂಗತಿಯೊಂದಿತ್ತು. ಹೊನ್ನೂರ ಚಿಕ್ಕವನಿದ್ದಾಗ ಅವ್ವನ ಜೊತೆ ಕೂಲಿ ಕೇಳಲು ಹೋದ ಮನೆಗಳಲ್ಲಿ ಒಮ್ಮೆಯೂ ಕೂತವನಲ್ಲ. ಅಂಗಳದಲ್ಲಿ ನಿಂತು, ಮೇಲಿಂದ ಹೊಯ್ದ ನೀರು ಬೊಗಸೆಯಲ್ಲಿ ಕುಡಿದು ಬಂದವನು. ದೊಡ್ಡವನಾದ ಮೇಲೆ ಅವನಿಗಿದ್ದದ್ದು ಒಂದೇ ಹಟ: ತನ್ನ ಮನೆಗೆ ಯಾರೇ ಬರಲಿ, ಕೂತು ಮಾತಾಡಬೇಕು. ಇದನ್ನು ದುಂದು ಎನ್ನುವವರು ಒಮ್ಮೆಯಾದರೂ ಆ ಅಂಗಳದಲ್ಲಿ ನಿಂತು ಬರಲಿ.

ಕಂತು ಕಟ್ಟಲು ಇಬ್ಬರ ಸಂಬಳ ಸಾಲುತ್ತಿರಲಿಲ್ಲ. ಹಳೆಯ ಕಂತಿಗೆ ಹೊಸ ಸಾಲ, ಹೊಸ ಸಾಲಕ್ಕೆ ಇನ್ನಷ್ಟು ಬೆವರು. ಮೈ ಸವೆದಂತೆ ಇಬ್ಬರ ಬಳೆಯೂ ಹಸಿರಿನಿಂದ ಹಳದಿಯ ಅಂಚಿಗೆ ಬಂದು ನಿಂತಿತ್ತು. ಇನ್ನೇನು ಟೀವಿ ಹೋಗುತ್ತದೆ ಎಂದು ಗಂಡ ಹೆಂಡತಿ ಕಾಯುತ್ತಿದ್ದಾಗ, ಒಂದು ಬೆಳಗ್ಗೆ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ನಿಂತ ಹುಲಿಗೆಮ್ಮನ ಕೈ ನೋಡಿ ಹೆಂಗಸರು ಸಾಲು ಬಿಟ್ಟು ಹತ್ತಿರ ಬಂದರು. ಅವಳ ಬಳೆ ಈವರೆಗೆ ಯಾರೂ ಕಂಡಿರದಷ್ಟು ಗಾಢ ಹಸಿರಾಗಿತ್ತು.

ಯಂತ್ರಕ್ಕೆ ಅವಳೊಳಗೆ ಇನ್ನೊಂದು ದುಡಿಮೆಯಾಯುಷ್ಯ ಸಿಕ್ಕಿತ್ತು.

ಬಸುರಾದರೆ ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬಾರದು ಎಂಬುದು ಆ ಓಣಿಯ ರೀತಿ. ಈ ಸಲ ಗುಟ್ಟು ಬಸುರಿಗೇ ತಿಳಿಯುವ ಮೊದಲು ಬೀದಿಗೆ ತಿಳಿದಿತ್ತು. ಸಂಜೆ ಹೊನ್ನೂರ ಹೆಂಡತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಅವನು ಹಿಡಿದದ್ದು ಕೈಯನ್ನೋ ಬಳೆಯನ್ನೋ ಎಂದು ಅವಳು ಚೇಷ್ಟೆ ಮಾಡಿದಳು. ಅವನು ನಾಚಿದ.

ಸುದ್ದಿ ಕೇಳಿದ ಸಣ್ಣದುರುಗಮ್ಮ ಒಂದೇ ಮಾತು ಅಂದಳು. "ಗೌಡನೂ ಹೊಟ್ಟಿ ನೋಡೇ ಸಾಲ ಕೊಡ್ತಿದ್ದ. ಹುಟ್ಟೋದು ನಂದು ಅಂತಿದ್ದ."

ಹುಲಿಗೆಮ್ಮ ಮುದುಕಿಯ ಮಾತಿಗೆ ಅಷ್ಟು ಕಿವಿಗೊಡಲಿಲ್ಲ. ಆರನೇ ತಿಂಗಳಿಗೆ ಹೊಟ್ಟೆ ಕಾಣುವ ಹೊತ್ತಿಗೆ ಹೊನ್ನೂರ ತೊಟ್ಟಿಲು ತಂದ. ಮಗುವಿನ ಅಳು ಕಿವಿಗೆ ಬಿದ್ದರೆ ಸಾಕು, ತನ್ನಷ್ಟಕ್ಕೆ ತಾನೇ ತೂಗುವ ತೊಟ್ಟಿಲು. ಕರೆಂಟು ಬೇಡ, ಕಿಟಕಿಯ ಬೆಳಕು ಕುಡಿದು ಬದುಕುವಂಥದ್ದು. ಓಣಿಗೆಲ್ಲ ಸೇರಿದ ಒಂದು ಹಳೆಯ ಮರದ ತೊಟ್ಟಿಲು ಸಣ್ಣದುರುಗಮ್ಮನ ಅಟ್ಟದ ಮೇಲಿತ್ತು. ಯಾವ ಮನೆಯಲ್ಲಿ ಹೆರಿಗೆಯಾದರೂ, ಯಾವ ಜಾತಿಯ ಕೂಸಾದರೂ, ಅದೇ ಹೋಗುತ್ತಿತ್ತು. ಕೂಸು ಬರುವ ಮುಂಚೆ ತೊಟ್ಟಿಲು ಮನೆಗೆ ತರಬಾರದು, ತಂದರೂ ಖಾಲಿ ತೂಗಬಾರದು, ಕೂಸಿಗೆ ಕೇಡು ಎಂದು ಮುದುಕಿ ಬಾಗಿಲಲ್ಲೇ ನಿಂತು ಹೇಳಿ ಹೋದಳು. ಹೊನ್ನೂರ ಅದರ ಮೇಲೆ ಟವೆಲ್ಲು ಹೊದಿಸಿದ.

ತೊಟ್ಟಿಲು ಬಂದ ವಾರದಲ್ಲೇ ಬಳೆಯ ಬಣ್ಣ ಇಳಿಯತೊಡಗಿತು.

ಮೊದಲ ದಿನ ಇಬ್ಬರೂ ಗಮನಿಸಿಯೂ ಗಮನಿಸದಂತೆ ಇದ್ದರು. ಮರುದಿನ ಹಸಿರು ಇನ್ನೂ ತಿಳಿಯಾಯಿತು. "ತೊಟ್ಲು ತಂದಿದ್ದು ಜಾಸ್ತಿ ಆತು," ಎಂದ ಹೊನ್ನೂರ, ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲಿ. ಸಾಲ ಮಾಡಿದವರಿಗೆ ಜಗತ್ತಿನ ಎಲ್ಲ ಸೂಚನೆಗಳೂ ಬೈಗುಳದಂತೆಯೇ ಕೇಳುತ್ತವೆ. ಬಳೆ ತಮ್ಮನ್ನು ಗದರುತ್ತಿದೆ ಎಂದೇ ಇಬ್ಬರೂ ತಿಳಿದರು. ಗದರಿಸಿಕೊಂಡ ಬಡವರು ಏನು ಮಾಡುತ್ತಾರೆ? ಇನ್ನಷ್ಟು ದುಡಿಯುತ್ತಾರೆ. ಹೊನ್ನೂರ ಎರಡು ಪಾಳಿ ಹಿಡಿದ. ಹುಲಿಗೆಮ್ಮ ಬಸುರಿಯರಿಗೆಂದು ಕೊಟ್ಟಿದ್ದ ಸ್ಟೂಲನ್ನು ಬಿಟ್ಟು, ಹೆಚ್ಚು ಕೂಲಿ ಸಿಗುವ ನಿಂತು ಬಡಿಯುವ ಯಂತ್ರಕ್ಕೆ ಹೋದಳು. ಸೊಂಟ ಹಿಡಿದುಕೊಂಡಿತು. ಕೆಳಹೊಟ್ಟೆ ಕಲ್ಲಿನಂತೆ ಬಿಗಿಯಿತು. ಬಳೆಯ ಕಡೆ ನೋಡಿದಳು, ಹಳದಿ. ಹಲ್ಲು ಕಚ್ಚಿ ಇನ್ನೊಂದು ಗಂಟು ಬಟ್ಟೆ ಎಳೆದುಕೊಂಡಳು.

ಮಾರನೆಯ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಫ್ರಿಜ್ಜಿಗೆ ಕೈ ಇಟ್ಟಾಗ ಅದು ತೆರೆಯಲಿಲ್ಲ. ಬೆನ್ನ ಹಿಂದೆ ಟೀವಿಯ ಸಣ್ಣ ದೀಪ ಆರಿತು. ಒಗೆಯುವ ಯಂತ್ರ ಕಟಕ್ ಎಂದಿತು. ಸೋಫಾ ತನ್ನ ಬೆನ್ನನ್ನು ತಾನೇ ಮಡಚಿಕೊಂಡು, ಯಾರೂ ಕೂರಲಾಗದ ಪೆಟ್ಟಿಗೆಯಾಯಿತು. ಅವಳು ಮಣಿಕಟ್ಟು ನೋಡಿಕೊಂಡಳು. ಬಳೆ ಬರಿಯ ಗಾಜಾಗಿತ್ತು. ಅದರ ಆಚೆ ತನ್ನದೇ ಚರ್ಮ ಕಾಣುತ್ತಿತ್ತು.

ರಕ್ತ ಕಂಡದ್ದು ಆಮೇಲೆ. ಆಸ್ಪತ್ರೆಯ ವೈದ್ಯೆ ಹೊಟ್ಟೆಯ ಮೇಲೆ ಯಂತ್ರವಿಟ್ಟು ಬಹಳ ಹೊತ್ತು ಹುಡುಕಿ, ಹೇಗೆ ಹೇಳಲೆಂದು ಮುಖ ತಗ್ಗಿಸಿದಾಗ, ಹುಲಿಗೆಮ್ಮನೇ ಅವರಿಗೆ ಸಮಾಧಾನ ಹೇಳಿದಳು. "ಗೊತ್ತಾಗೇತ್ರಿ ಡಾಕ್ಟ್ರೇ. ಫ್ರಿಜ್ಜು ಹೇಳ್ತು."

ಹೆಣ್ಣು ಕೂಸು. ಹೊನ್ನೂರ ಅದನ್ನು ತನ್ನ ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ. ಆ ಪಂಚೆಯೊಂದು ಯಾವ ಸಾಲದ ಮೇಲೂ ಬಂದದ್ದಲ್ಲ.

ಕಂಪನಿಯವರು ಗಾಡಿ ತಂದು ಎಲ್ಲವನ್ನೂ ಹೊತ್ತೊಯ್ದರು. ಕೊನೆಗೆ ಅವರಲ್ಲೊಬ್ಬ ಟವೆಲ್ಲು ಸರಿಸಿ ತೊಟ್ಟಿಲು ನೋಡಿದ, ಮೇಲಿನವರೊಡನೆ ಮಾತಾಡಿದ, ಬಿಟ್ಟುಬಿಡಿ ಎಂದ. ಕೂಸು ಹೋದ ಮನೆಯ ತೊಟ್ಟಿಲನ್ನು ಯಾರೂ ಕೊಳ್ಳುವುದಿಲ್ಲವಂತೆ. ಅದನ್ನು ಲೆಕ್ಕದಿಂದಲೇ ತೆಗೆದುಹಾಕಿದರು. ಲೆಕ್ಕದಲ್ಲಿಲ್ಲದ ವಸ್ತುವಿಗೆ ಬೀಗ ಹಾಕುವವರೂ ಇಲ್ಲ. ಮನೆ ತುಂಬ ಸಾಮಾನಿನ ಕನಸು ಕಂಡ ಗಂಡ ಹೆಂಡತಿಗೆ ಕೊನೆಗೆ ಸ್ವಂತದ್ದಾಗಿ ಉಳಿದದ್ದು ಅದೊಂದೇ.

ಮೈ ತುಸು ಚೇತರಿಸಿದ ಮೇಲೆ ಹುಲಿಗೆಮ್ಮ ಡಾ. ಚಾರುಮತಿಯವರ ಪ್ರಯೋಗಾಲಯಕ್ಕೆ ಹೋದಳು. ಕಾವಲುಗಾರ ತಡೆದಾಗ ಗಾಜಿನ ಬಳೆ ತೋರಿಸಿ, ಇದನ್ನು ಮಾಡಿದವರನ್ನು ನೋಡಬೇಕು ಎಂದು ಅಲ್ಲೇ ಕೂತಳು. ಚಾರುಮತಿ ತಾವೇ ಹೊರಬಂದು ಒಳಗೆ ಕರೆದೊಯ್ದರು, ಕುರ್ಚಿ ಎಳೆದರು. ಹುಲಿಗೆಮ್ಮ ಕೂರಲಿಲ್ಲ.

"ನನ್ ಕೂಸಿಗೆ ಹಿಂಗಾಗ್ತೈತಿ ಅಂತ ಇದಕ್ಕ ಯಾವಾಗ ಗೊತ್ತಾತ್ರಿ, ಮೇಡಂ?"

ಚಾರುಮತಿ ಬಳೆಯ ದಾಖಲೆ ತೆರೆದು ನೋಡಿದರು. ಬಣ್ಣ ಇಳಿಯಲು ಶುರುವಾದ ಗಳಿಗೆಯಿಂದಲೂ ಬಳೆಗೆ ಗೊತ್ತಿತ್ತು. ಸಣ್ಣದೊಂದು ಸೋಂಕು, ಬಿಗಿಯುತ್ತಿದ್ದ ಗರ್ಭಚೀಲ, ಸೋಲುತ್ತಿದ್ದ ಎರಡನೆಯ ನಾಡಿ.

"ಮಲಗಿಸಿ ಔಷಧ ಕೊಟ್ಟಿದ್ದರೆ..." ಎಂದು ಅವರು ಶುರುಮಾಡಿ, ಸುಳ್ಳು ಹೇಳಲು ಮನಸ್ಸಾಗದೆ ಮುಗಿಸಿದರು. "ಉಳಿಯುತ್ತಿತ್ತೇನೋ ಅಮ್ಮ. ಖಂಡಿತ ಎನ್ನಲಾರೆ."

"ಹಂಗಾರ ಯಾಕ ಹೇಳ್ಲಿಲ್ಲ ಇದು?"

ಚಾರುಮತಿ ಕಾನೂನು ವಿವರಿಸಿದರು. ರೋಗ ಹೇಳುವ ಹಕ್ಕು ಆಸ್ಪತ್ರೆಯದು ಮಾತ್ರ. ಸಾಲದ ಕಂಪನಿಗಳು ಜನರ ಕಾಯಿಲೆಯನ್ನು ಬೀದಿಗೆ ಹಾಕಬಾರದೆಂದು, ಬಡವರ ಒಳಿತಿಗೆಂದೇ, ಹೋರಾಟ ಮಾಡಿ ತಂದ ಕಾನೂನು ಅದು. ಬಳೆ ದೇಹವನ್ನು ಓದಬಹುದು. ಓದಿದ್ದನ್ನು ಸಾಲದ ಮಿತಿಯಾಗಿ ಮಾತ್ರ ತೋರಿಸಬಹುದು. ಅದಕ್ಕೆ ಬೇರೆ ಭಾಷೆ ಇಲ್ಲ.

ಹುಲಿಗೆಮ್ಮ ಗಾಜಿನ ಬಳೆಯನ್ನು ತಿರುಗಿಸಿ ನೋಡಿದಳು. ಆಮೇಲೆ ತನಗೆ ತಾನೇ ಎಂಬಂತೆ ಅಂದಳು. "ಹೇಳ್ತಿತ್ತು ಹಂಗಾರ. ಕೂಸು ಸಾಯಾಕತ್ತೈತಿ ಅಂತ ದಿನಾ ಹೇಳ್ತಿತ್ತು. ನಾವು ಕಂತು ಕೇಳಾಕತ್ತೈತಿ ಅಂದ್ಕೊಂಡ್ವಿ."

ಚಾರುಮತಿ ದಾಖಲೆ ಮುಚ್ಚಿದರು. ಯಂತ್ರ ಮೋಸ ಮಾಡಿರಲಿಲ್ಲ.

ಅಂದಿನಿಂದ ಹುಲಿಗೆಮ್ಮ ಪಾಳಿಯ ಹೊತ್ತಿಗೆ ಓಣಿಯ ಬಾಯಿಯಲ್ಲಿ ನಿಲ್ಲತೊಡಗಿದಳು. ಕಾರ್ಖಾನೆಗೆ ಹೊರಟವರನ್ನು ತಡೆದು, ಕೈ ತೋರ್ಸವ್ವ, ಎನ್ನುವಳು. ಬಣ್ಣ ಒಂದಿಷ್ಟು ಇಳಿದಿದ್ದರೂ ಸಾಕು, ಕೆಲಸಕ್ಕೆ ಬಿಡದೆ ಆಸ್ಪತ್ರೆಗೆ ಎಳೆದೊಯ್ಯುವಳು. ಮೊದಲು ಹುಚ್ಚು ಅಂದರು. ಒಬ್ಬಳ ಎದೆಯ ಗಂಟು ಬೇಗ ಸಿಕ್ಕಿತು, ಒಬ್ಬನ ಹೃದಯ ಉಳಿಯಿತು. ಆಮೇಲೆ ಸುದ್ದಿ ಓಣಿಯಿಂದ ಓಣಿಗೆ ಹರಡಿತು. ಬಳೆ ಪೇಲವವಾದರೆ ಜನ ದುಡಿಯಲು ಓಡುವುದನ್ನು ಬಿಟ್ಟರು, ಆಸ್ಪತ್ರೆಗೆ ಓಡಿದರು. ಕಂತುಗಳು ನಿಂತವು. ಸಾಲಗಾರರು ಯಂತ್ರವನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ ಎಂದು ಕಂಪನಿ ಸರ್ಕಾರಕ್ಕೆ ದೂರು ಕೊಟ್ಟಿತು.

ಪಕ್ಕದ ಮನೆಯ ಶಾಹಿನಾಳ ಬಳೆಯೂ ಒಂದು ದಿನ ಹಾಗೇ ಇಳಿಯಿತು. ಅವಳಿಗೂ ಆಗ ಆರನೇ ತಿಂಗಳು. ಹುಲಿಗೆಮ್ಮ ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ಹೋದಳು. ಸೋಂಕು ಸಿಕ್ಕಿತು, ಔಷಧ ಸಿಕ್ಕಿತು, ತಿಂಗಳು ತುಂಬಿ ಗಂಡು ಕೂಸು ಹುಟ್ಟಿತು. ಸಣ್ಣದುರುಗಮ್ಮ ಅಟ್ಟದ ಮೇಲಿನ ಮರದ ತೊಟ್ಟಿಲನ್ನು ಇಳಿಸಿ, ಒರೆಸಿ ಕಳಿಸಿದಳು.

ಕೂಸು ಮನೆಗೆ ಬಂದ ದಿನ ಶಾಹಿನಾಳ ಅಂಗಳದಲ್ಲಿ ಓಣಿಯೇ ನೆರೆದಿತ್ತು. ಹುಲಿಗೆಮ್ಮನನ್ನು ಕರೆಯಲು ಹೊನ್ನೂರ ತಮ್ಮ ಮನೆಯೊಳಗೆ ಬಂದ. ಬರಿದಾದ ಕೋಣೆಯಲ್ಲಿ ಅವಳು ನೆಲದ ಮೇಲೆ ಕೂತಿದ್ದಳು. ಗೋಡೆಯಾಚೆ ಕೂಸು ಒಮ್ಮೆ ಅತ್ತಿತು. ಹಸಿದ ಕೂಸು, ಮತ್ತೆ ಜೋರಾಗಿ ಅತ್ತಿತು. ಕಿಟಕಿಯ ಬೆಳಕಿನಲ್ಲಿದ್ದ ಖಾಲಿ ತೊಟ್ಟಿಲು, ತನಗೆ ಕಲಿಸಿದ್ದನ್ನು ಮರೆಯದೆ, ಮೆಲ್ಲಗೆ ತೂಗಲು ಎಳೆಯುತ್ತಿತ್ತು.

ಹುಲಿಗೆಮ್ಮ ಅದು ತೂಗದಂತೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹೊನ್ನೂರ ಬಂದು ಅವಳೆದುರು ಕೂತು, ಇನ್ನೊಂದು ತುದಿ ಹಿಡಿದ.