ಆರನೇ ಸೆಕೆಂಡಿಗೆ ನಕ್ಕವಳು

"ಹಲೋ... ಯಾರಾದ್ರೂ ಇದ್ದೀರಾ? ಲಿಫ್ಟ್ ನಿಂತುಬಿಟ್ಟಿದೆ!"

ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಸಿಕ್ಕಿಕೊಂಡವಳ ದನಿ ಅವಳಿಗೇ ಗುರುತು ಸಿಗದಷ್ಟು ನಡುಗುತ್ತಿತ್ತು.

"ಇದ್ದೀನಿ. ಮೆಕ್ಯಾನಿಕ್," ಮೇಲಿನಿಂದ ಗಂಡಸಿನ ದನಿ.

ಅಷ್ಟೇ. ಮತ್ತೆ ಸದ್ದಿಲ್ಲ.

ಹೋಗಿಬಿಟ್ಟನಾ? ಲಿಫ್ಟ್ ಕೆಳಗೆ ಬೀಳೋದರಲ್ಲಿದೆಯಾ? ಹೇಳೋಕೆ ಭಯವಾಗಿ ಸುಮ್ಮನಿದ್ದಾನಾ?

"ರೀ, ಏನಾದ್ರೂ ಮಾತಾಡಿ! ನನಗಿಲ್ಲಿ ಪ್ರಾಣ ಹೋಗ್ತಿದೆ!"

ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು. "ಏನು ಮಾತಾಡ್ಲಿ ಅಂತಾನೇ ಯೋಚಿಸ್ತಿದ್ದೆ."

ಆ ಭಯದಲ್ಲೂ ಅವಳಿಗೆ ನಗು ಬಂತು. ಹತ್ತು ನಿಮಿಷದ ಮೇಲೆ ಬಾಗಿಲು ತೆರೆದಾಗ ಕಂಡದ್ದು ಗ್ರೀಸ್ ಮೆತ್ತಿದ ಎರಡು ಕೈ, ಗಡಿಬಿಡಿಯೇ ಗೊತ್ತಿಲ್ಲದ ಒಂದು ಮುಖ. ಲಿಫ್ಟಿನಿಂದ ಹೊರಗೆ ಬಂದ ಮೇಲೂ ಅವಳ ಎದೆ ಡವಡವ ಎನ್ನುತ್ತಲೇ ಇತ್ತು... ಯಾಕೆಂದು ಕೇಳಬೇಡಿ!

ಅವಳ ಕೆಲಸ ಅದೇ ಕಟ್ಟಡದ ಐದನೇ ಮಹಡಿಯಲ್ಲಿ. ಫ್ರಿಜ್ ಕೆಟ್ಟವರೆಲ್ಲ ಫೋನ್ ಮಾಡಿ ಬೈದರೆ ಕೇಳಿಸಿಕೊಳ್ಳುವುದು. ಅಲ್ಲಿನ ನಿಯಮ ಒಂದೇ. ಫೋನಿನಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಮೌನ ಇರಕೂಡದು. ಇದ್ದರೆ ಕಂಪ್ಯೂಟರ್ ಪರದೆ ಕೆಂಪಗಾಗುತ್ತದೆ, ಮೇಲಿನವರು ಕರೆಯುತ್ತಾರೆ. ಆರು ವರ್ಷ ಇದೇ ಮಾಡಿ ಮಾಡಿ, ಎಲ್ಲಿ ಯಾರು ಸುಮ್ಮನಾದರೂ ಅವಳೇ ಏನಾದರೊಂದು ಮಾತು ತುರುಕುತ್ತಿದ್ದಳು. ಅಣ್ಣ ಪೇಪರ್ ಓದುತ್ತ ಕೂತರೂ "ನನ್ನ ಮೇಲೆ ಕೋಪಾನಾ?" ಎನ್ನುವಳು. ಅತ್ತಿಗೆ ಅವಳಿಗೆ ಇಟ್ಟ ಹೆಸರು ರೇಡಿಯೋ.

ಅಂಥವಳಿಗೆ ಇಂಥವನು! ಪ್ರೀತಿಗೆ ಬೇರೆ ಜೋಡಿ ಸಿಗಲಿಲ್ಲ ನೋಡಿ.

ನಾಲ್ಕು ತಿಂಗಳು ದಿನಾ ಮಧ್ಯಾಹ್ನ ಇಬ್ಬರೂ ಕೆಳಗಿನ ಟೀ ಅಂಗಡಿಯಲ್ಲಿ ಸಿಕ್ಕರು. ಅವಳು ಮಾತಾಡುವಳು, ಅವನು ಕೇಳುವನು. ಒಂದು ದಿನ ಅವಳು ಉಸಿರು ಬಿಗಿಹಿಡಿದು ಹೇಳಿಯೇಬಿಟ್ಟಳು.

"ನನಗೆ... ನಿಮ್ಮನ್ನ ಮದುವೆ ಆಗ್ಬೇಕು ಅನ್ಸುತ್ತೆ."

ಅವನು ಲೋಟ ಕೆಳಗಿಟ್ಟ. ಎದುರಿನ ಗೋಡೆ ನೋಡಿದ.

ಒಂದು... ಎರಡು... ಮೂರು...

ಇಲ್ಲ ಅನ್ನೋಕೆ ಮಾತು ಹುಡುಕ್ತಿದ್ದಾನೆ.

ನಾಲ್ಕು...

ಪಾಪ, ನನಗೆ ನೋವಾಗಬಾರದು ಅಂತ ಒದ್ದಾಡ್ತಿದ್ದಾನೆ.

ಐದು!

"ಅಯ್ಯೋ, ತಮಾಷೆ ಮಾಡಿದೆ ರೀ!" ಅವಳು ಗಟ್ಟಿಯಾಗಿ ನಕ್ಕಳು. "ನಿಮ್ಮ ಮುಖ ನೋಡ್ಬೇಕಿತ್ತು!"

ನಗುತ್ತಲೇ ಎದ್ದು ಹೋದಳು. ಐದನೇ ಮಹಡಿಯ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತಳು.

ಮರುದಿನ ಅವನು ಬರಲಿಲ್ಲ. ಅದರ ಮರುದಿನ ಬೇರೊಬ್ಬ ಮೆಕ್ಯಾನಿಕ್ ಬಂದ, ತಲೆ ನರೆತವನು. "ಅವನಾ? ಆಸ್ಪತ್ರೆ ಕಟ್ಟಡಕ್ಕೆ ಹಾಕಿ ಅಂತ ತಾನೇ ಕೇಳ್ಕೊಂಡು ಹೋದ. ಈ ಕಡೆ ಇನ್ನು ಬರಲ್ಲ ಅಂದ."

ಅವಳು ತನಗೆ ತಾನೇ ಅಂದುಕೊಂಡಳು. ನೋಡಿದೆಯಾ... ನಾನು ಅಂದ್ಕೊಂಡಿದ್ದೇ ನಿಜ!

ಒಂಬತ್ತು ದಿನ ಮೆಸೇಜ್ ಬರೆದಳು, ಅಳಿಸಿದಳು. ಊಟ ಸೇರಲಿಲ್ಲ. ಹತ್ತನೇ ದಿನ ಬೆಳಗ್ಗೆ ಅತ್ತಿಗೆ ಬಟ್ಟೆ ಮಡಚುತ್ತ ಕೇಳಿದಳು.

"ಏನೇ ರೇಡಿಯೋ, ಬಂದ್ ಆಗಿದೆ?"

ಅವಳು ಎಲ್ಲ ಹೇಳಿಕೊಂಡು ಬಿಕ್ಕಿದಳು.

"ಅವನು ಇಲ್ಲ ಅಂದನಾ?"

"ಅನ್ನಲಿಲ್ಲ..."

"ಮತ್ತೆ ಅಂದೋರು ಯಾರು?"

ಅವಳು ಮಡಚಿಟ್ಟ ಬಟ್ಟೆಯೊಂದನ್ನು ಬಿಡಿಸಿ ಮತ್ತೆ ಮಡಚಿದಳು.

"ಅವನ ಮಾತನ್ನೂ ನೀನೇ ಆಡಿ, ಅದಕ್ಕೆ ನೀನೇ ಅಳ್ತಾ ಕೂತಿದ್ದೀಯ. ಚೆನ್ನಾಗಿದೆ ಕಣೇ!" ಅತ್ತಿಗೆ ಅವಳ ಕೈಗೆ ಚಪ್ಪಲಿ ಕೊಡುವುದೊಂದು ಬಾಕಿ. "ಹೋಗು. ಕೇಳು. ಕೇಳಿದ ಮೇಲೆ ಬಾಯಿ ಮುಚ್ಕೊಂಡು ನಿಲ್ಲು."

ಆಸ್ಪತ್ರೆ ಕಟ್ಟಡದಲ್ಲಿ ಒಂದು ಲಿಫ್ಟ್ ರಿಪೇರಿಗೆ ನಿಂತಿತ್ತು. ಇನ್ನೊಂದರ ಮುಂದೆ ರೋಗಿಗಳ ಸಾಲು. ಮೆಕ್ಯಾನಿಕ್ ಮೇಲಿದ್ದಾನೆ ಎಂದು ಕೇಳಿ ಅವಳು ಎಂಟು ಮಹಡಿ ಹತ್ತಿದಳು. ಅವನು ಮೆಟ್ಟಿಲ ಪಕ್ಕ ಸ್ಪ್ಯಾನರ್ ಹಿಡಿದು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅವತ್ತು ತಮಾಷೆ ಮಾಡಿರಲಿಲ್ಲ," ಏದುಸಿರಿನಲ್ಲೇ ಹೇಳಿದಳು. "ನಿಜವಾಗ್ಲೂ ಕೇಳಿದ್ದೆ. ಭಯಕ್ಕೆ ನಕ್ಕುಬಿಟ್ಟೆ."

ಆಮೇಲೆ ತುಟಿ ಬಿಗಿದಳು.

ಅವನು ಬಟ್ಟೆ ತುಂಡು ತಗೊಂಡು ಒಂದೊಂದೇ ಬೆರಳು ಒರೆಸಿಕೊಂಡ. ಐದು ಸೆಕೆಂಡಾಯಿತು. ಹತ್ತಾಯಿತು. ಯಾಕಾದ್ರೂ ಬಂದಳೋ ಅಂತಿದ್ದಾನೆ... ಬೇರೆ ಯಾರೋ ಇದ್ದಾಳೆ... ನಾಲಿಗೆ ತುದಿಗೆ ಬಂದ "ಪರವಾಗಿಲ್ಲ ಬಿಡಿ"ಯನ್ನು ನುಂಗಿಕೊಂಡಳು. ಮೆಟ್ಟಿಲ ಕಂಬಿಯನ್ನು ಅಮುಕಿ ಹಿಡಿದಳು. ಕಣ್ಣು ತುಂಬಿ ಬಂದು ಎಣಿಕೆ ತಪ್ಪಿತು.

"ಅವತ್ತು ನಾನು ಮಂಚದ ಬಗ್ಗೆ ಯೋಚಿಸ್ತಿದ್ದೆ," ಅಂದ ಅವನು.

"ಮಂಚ?!"

"ನಮ್ಮದು ಎರಡೇ ಕೋಣೆ. ಒಳಗಡೆ ಅಮ್ಮ. ಅಮ್ಮನ ಮಂಚ ಹೊರಗೆ ಹಾಕಿದ್ರೆ ಅವರಿಗೆ ಬಾತ್‌ರೂಮ್ ದೂರ ಆಗುತ್ತೆ. ನಾವಿಬ್ರೂ ಹೊರಗಡೆ ಅಂದ್ರೆ ನಿಮ್ಮ ಬೀರು ಎಲ್ಲಿಡೋದು ಅಂತ..."

"ಮತ್ತೆ... ಹೌದು ಅನ್ನೋದು?"

"ಅದು ನನ್ನ ಮುಖದಲ್ಲೇ ಕಾಣ್ತಿದೆ ಅನ್ಕೊಂಡೆ. ನೀವು ಅದನ್ನ ನೋಡಿ ನಕ್ರಿ. ಇಷ್ಟು ದಿನ ಆಟ ಆಡಿಸಿದ್ರಿ ಅನ್ನಿಸ್ತು. ಮತ್ತೆ ನಿಮ್ಮೆದುರು ಬರೋ ಧೈರ್ಯ ಆಗ್ಲಿಲ್ಲ."

ಅವಳಿಗೆ ಅಳು, ಸಿಟ್ಟು, ಸಂತೋಷ ಎಲ್ಲ ಒಟ್ಟಿಗೇ ಬಂತು.

"ನಿಮ್ಮ ಮುಖದಲ್ಲಿ ಏನೂ ಕಾಣಲ್ಲ ರೀ! ಗೋಡೆ ಥರ ಇರುತ್ತೆ!"

"ಹೌದಾ?" ಅವನು ನಿಜಕ್ಕೂ ಬೆಚ್ಚಿದ. ಮೂವತ್ತು ವರ್ಷದಲ್ಲಿ ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

"ಬಾಯಿ ಬಿಟ್ಟು ಹೇಳ್ಬೇಕು."

"ನೀವು ಬಿಟ್ರೆ ತಾನೇ?"

ಇಬ್ಬರೂ ನಕ್ಕರು. ಆಮೇಲೆ ಅವನು ಅವಳ ಎದುರು ನೆಟ್ಟಗೆ ನಿಂತು, ಗಂಟಲು ಸರಿ ಮಾಡಿಕೊಂಡ.

"ಮದುವೆ ಆಗೋಣ. ನನಗೆ ನಿಮ್ಮ ಮೇಲೆ ತುಂಬಾ..."

ನಿಂತುಬಿಟ್ಟ. ಕಿವಿ ಕೆಂಪಗಾಯಿತು. ಮುಂದಿನ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಲಿಲ್ಲ. ಅವನ ಕಣ್ಣನ್ನೇ ನೋಡುತ್ತ ನಿಂತಳು.

"...ಪ್ರೀತಿ," ಅಂದ ಕೊನೆಗೂ.

"ಎಷ್ಟು ಹೊತ್ತು ಕಾಯಿಸಿದ್ರಿ!"

"ಕಾದ್ರಲ್ಲ," ಅಂದ, ಅವಳ ಕೈ ಹಿಡಿದು.